ಒರೆಗಲ್ಲಿನ ಮೊದಲ ಪ್ರಶ್ನೆ

ಸಂದರ್ಶನ ಮಂಡಳಿಗಳನ್ನು ಸರ್ಕಾರ ರದ್ದು ಮಾಡಿದ ದಿನ ಜನ ಪಟಾಕಿ ಹೊಡೆದಿದ್ದರು. ಹೊಡೆಯದೆ ಇನ್ನೇನು? ಮೇಜಿನ ಆಚೆ ಕೂತ ಮಹನೀಯರಲ್ಲಿ ಒಬ್ಬರಿಗೆ ಅಭ್ಯರ್ಥಿಯ ಊರು ಮುಖ್ಯ, ಇನ್ನೊಬ್ಬರಿಗೆ ಅವನ ಸೋದರಮಾವನ ಹೆಸರು ಮುಖ್ಯ, ಮತ್ತೊಬ್ಬರಿಗೆ ಊಟದ ನಂತರದ ನಿದ್ದೆ ಮುಖ್ಯ. ಲಿಖಿತ ಪರೀಕ್ಷೆಯಲ್ಲಿ ಮೇಲೆ ಬಂದವರು ಆ ಮೇಜಿನ ಮುಂದೆ ಹತ್ತು ನಿಮಿಷ ಕೂತು ಎದ್ದರೆ ಪಟ್ಟಿಯ ಬುಡಕ್ಕೆ ಬಂದಿರುತ್ತಿದ್ದರು. ಅಂಥ ಮೇಜನ್ನು ಎತ್ತಿ ಹೊರಗೆ ಹಾಕಿ, ಆ ಜಾಗದಲ್ಲಿ ಒಂದು ಯಂತ್ರ ತಂದಿಟ್ಟರು. ಹೆಸರು ‘ಒರೆಗಲ್ಲು’. ಅದಕ್ಕೆ ಜಾತಿ ತಿಳಿಯದು, ಮಂತ್ರಿಗಳ ಫೋನು ಬಂದರೆ ಎತ್ತುವುದಕ್ಕೆ ಕೈಯಿಲ್ಲ, ನಿದ್ದೆಯಂತೂ ಬರುವುದೇ ಇಲ್ಲ.

ಒರೆಗಲ್ಲು ಅಭ್ಯರ್ಥಿಯ ಬುದ್ಧಿಯನ್ನು ಅಳೆಯುತ್ತಿರಲಿಲ್ಲ. ಅದಕ್ಕೆ ಲಿಖಿತ ಪರೀಕ್ಷೆ ಇತ್ತು, ಕೆಲಸ ಮಾಡಿ ತೋರಿಸುವ ಪರೀಕ್ಷೆಯೂ ಇತ್ತು. ಉಳಿದದ್ದು ಒಂದೇ ಸಂಗತಿ: ಈ ಮನುಷ್ಯ ನಿಜ ಹೇಳುತ್ತಾನೋ ಇಲ್ಲವೋ. ಎಲ್ಲ ದಾಟಿ ಬಂದವರಿಗೆ ಕೊನೆಯ ಹಂತದಲ್ಲಿ ಒರೆಗಲ್ಲು ಹಸಿರು ದೀಪ ತೋರಿಸಿದರೆ ಕೆಲಸ ಸಿಕ್ಕಿತೆಂದೇ ಲೆಕ್ಕ. ಕೆಂಪು ತೋರಿಸಿದರೆ ಇನ್ನೊಂದು ಸಲ ಬರಬಹುದು, ಮತ್ತೂ ಒಂದು ಸಲ ಬರಬಹುದು. ಮೂರನೆಯ ಸಲವೂ ಕೆಂಪಾದರೆ ಹೆಸರಿನ ಮುಂದೆ ‘ವಿಶ್ವಾಸಾರ್ಹರಲ್ಲ’ ಎಂಬ ಮಾತು ಸೇರಿ, ಜೀವಮಾನವಿಡೀ ಯಾವ ಸರ್ಕಾರಿ ಕೆಲಸಕ್ಕೂ ಅರ್ಜಿ ಹಾಕುವಂತಿರಲಿಲ್ಲ.

ಇದನ್ನು ಕಟ್ಟಿದವಳು ಮೂಡಬಿದಿರೆ ಕಡೆಯ ಡಾ. ಪ್ರೇರಣಾ ಇಂದ್ರ. ಹಳೆಯ ಕಾಲದ ಸುಳ್ಳುಪತ್ತೆ ಯಂತ್ರಗಳು ಎದೆಬಡಿತ, ಬೆವರು ಎಂದೆಲ್ಲ ಅಳೆದು, ಹೆದರಿದವರನ್ನೆಲ್ಲ ಸುಳ್ಳುಗಾರರೆಂದು ತೀರ್ಮಾನಿಸುತ್ತಿದ್ದವು. ಪ್ರೇರಣಾ ಕಂಡುಕೊಂಡದ್ದು ಬೇರೆ. ನಿಜಕ್ಕೆ ಎಲ್ಲರಲ್ಲೂ ಒಂದೇ ಚಹರೆ ಇರುವುದಿಲ್ಲ. ಒಬ್ಬೊಬ್ಬರ ನಿಜಕ್ಕೆ ಒಂದೊಂದು ಚಹರೆ. ಮುಖದ ಚರ್ಮದ ಕೆಳಗೆ ರಕ್ತ ಓಡುವ ರೀತಿ, ಗಂಟಲಿನ ಸಣ್ಣ ಸ್ನಾಯುಗಳ ಬಿಗಿ, ಕಣ್ಣಿನ ಪಾಪೆ ಹಿಗ್ಗುವ ವೇಗ, ಇವೆಲ್ಲ ಸೇರಿ ಆ ಚಹರೆ. ಆದ್ದರಿಂದ ಮೊದಲು ಅಭ್ಯರ್ಥಿಯ ಬಾಯಿಂದ ಒಂದು ಅಪ್ಪಟ ನಿಜ ಹೇಳಿಸಬೇಕು. ಅದನ್ನು ಮಾದರಿಯಾಗಿ ಇಟ್ಟುಕೊಂಡು ಮುಂದಿನ ಉತ್ತರಗಳನ್ನು ಹೋಲಿಸಬೇಕು. ಹೋಲಿದರೆ ಹಸಿರು, ಹೋಲದಿದ್ದರೆ ಕೆಂಪು. ಅಕ್ಕಸಾಲಿಗ ಒರೆಗಲ್ಲಿನ ಮೇಲೆ ಮೊದಲು ಅಪರಂಜಿಯ ಗೆರೆ ಎಳೆದುಕೊಂಡು ನಮ್ಮ ಬಳೆಯನ್ನು ಪಕ್ಕದಲ್ಲಿ ಉಜ್ಜುತ್ತಾನಲ್ಲ, ಹಾಗೆಯೇ.

ಯಾವ ನಿಜವನ್ನು ಹೇಳಿಸಬೇಕು ಎಂಬುದರ ಬಗ್ಗೆ ಸಮಿತಿಯಲ್ಲಿ ಬಹಳ ಚರ್ಚೆಯಾಗಿತ್ತು. ಹೆಸರು ಕೇಳಿದರೆ ಪ್ರಯೋಜನವಿಲ್ಲ, ಅದನ್ನು ಬಾಯಿ ತಾನಾಗಿ ಹೇಳಿಬಿಡುತ್ತದೆ, ಮನಸ್ಸು ಅಲ್ಲಿರುವುದಿಲ್ಲ. ಅವತ್ತೇ ನಡೆದದ್ದನ್ನು ನೆನಪಿನಿಂದ ತೆಗೆದು ಹೇಳುವಂತಿರಬೇಕು. ಹೆದರಿಕೆ ಹುಟ್ಟಿಸಬಾರದು. ಸುಳ್ಳು ಹೇಳಲು ಯಾರಿಗೂ ಕಾರಣವೇ ಇರಬಾರದು. ಕೊನೆಗೆ ಸಮಿತಿಯ ಅಧ್ಯಕ್ಷರಾದ ಗೋಪಾಲರಾಜೇ ಅರಸರು ಸೂಚಿಸಿದ ಪ್ರಶ್ನೆ ಎಲ್ಲರಿಗೂ ಹಿಡಿಸಿತು. ಒಳಗೆ ಬಂದು ಕೂತವರನ್ನು ಒರೆಗಲ್ಲು ಮೃದುವಾದ ಹೆಣ್ಣುದನಿಯಲ್ಲಿ ಕೇಳಬೇಕಾದದ್ದು: “ತಿಂಡಿ ಆಯ್ತಾ?”

ಇದಕ್ಕೆ ಯಾರು ಸುಳ್ಳು ಹೇಳುತ್ತಾರೆ ಎಂದು ಎಲ್ಲರೂ ತಲೆಯಾಡಿಸಿದರು. ನಮ್ಮ ಕಡೆಯವರೇ ಕೂತು ಮಾಡಿದ ತೀರ್ಮಾನ ಅದು, ಹೊರಗಿನವರು ಮಾಡಿದ್ದಲ್ಲ ಎಂಬುದನ್ನು ನೆನೆದರೆ ಈಗಲೂ ನಗು ಬರುತ್ತದೆ.

ಕಪಿಲಾ ನದಿಯ ದಂಡೆಯ ಮಾದನಹುಂಡಿಯ ಭೂಮಿಕಾ ಎರಡನೆಯ ಸಲ ಒರೆಗಲ್ಲಿನ ಮುಂದೆ ಕೂತದ್ದು ಒಂದು ಬೆಳಿಗ್ಗೆ. ಅವಳ ಊರಿನ ಪಕ್ಕದಲ್ಲೇ ಸುತ್ತಲ ಹಳ್ಳಿಗಳಿಗೆ ಕುಡಿಯುವ ನೀರು ಶುದ್ಧಮಾಡಿ ಕಳಿಸುವ ಘಟಕವಿದೆ. ಅಲ್ಲಿ ಅವಳು ಗುತ್ತಿಗೆಯ ಆಪರೇಟರ್. ನೀರು ಎಷ್ಟು ಕದಡಿದೆ ನೋಡುವುದು, ಎಷ್ಟು ಕ್ಲೋರಿನ್ ಬಿಡಬೇಕು ಎಂದು ತೀರ್ಮಾನಿಸುವುದು, ಗಂಟೆಗೊಮ್ಮೆ ಅಂಕಿ ಅಂಶ ತುಂಬುವುದು ಅವಳ ಕೆಲಸ. ಈಗ ಗುತ್ತಿಗೆ ಪದ್ಧತಿ ನಿಲ್ಲಿಸಿ ಅದೇ ಹುದ್ದೆಯನ್ನು ಕಾಯಂ ಮಾಡಿದ್ದರು. ಅವಳು ಮಾಡುತ್ತಿದ್ದ ಕೆಲಸಕ್ಕೆ ಅವಳೇ ಅರ್ಜಿ ಹಾಕಬೇಕಾಗಿತ್ತು. ಲಿಖಿತ ಪರೀಕ್ಷೆಯಲ್ಲಿ ಇಡೀ ಜಿಲ್ಲೆಗೆ ಮೊದಲು ಬಂದಳು. ಒರೆಗಲ್ಲು ಮಾತ್ರ ಮೊದಲ ಸಲ ಕೆಂಪು ತೋರಿಸಿತ್ತು. ಅವತ್ತು ಮೈ ಸ್ವಲ್ಪ ಬೆಚ್ಚಗಿತ್ತು, ಅದಕ್ಕೇ ಇರಬೇಕು ಎಂದು ಸಮಾಧಾನ ಮಾಡಿಕೊಂಡಿದ್ದಳು.

ಮೈಸೂರಿಗೆ ಬರಬೇಕಾದರೆ ಅವಳು ಮೊದಲ ಬಸ್ಸಿಗೆ ಹೊರಡಬೇಕು. ಹೊಟ್ಟೆಗೆ ಏನಾದರೂ ಹಾಕಿಕೊಂಡು ಬಸ್ ಹತ್ತಿದಳೋ, ನಂಜನಗೂಡು ದಾಟುವ ಮೊದಲೇ ವಾಂತಿ. ಹಾಗಾಗಿ ಪ್ರಯಾಣದ ದಿನ ಅವಳು ನೀರನ್ನೂ ಕುಡಿಯುವುದಿಲ್ಲ.

“ನಮಸ್ಕಾರ. ತಿಂಡಿ ಆಯ್ತಾ?” ಎಂದಿತು ಒರೆಗಲ್ಲು.

“ಆಯ್ತು ಮೇಡಂ,” ಎಂದಳು ಭೂಮಿಕಾ.

ಯಂತ್ರ ಆ ಉತ್ತರವನ್ನು ಅಪ್ಪಟ ನಿಜವೆಂದು ತೆಗೆದಿಟ್ಟುಕೊಂಡಿತು. ಆಮೇಲೆ ಕೇಳಿತು: “ಘಟಕದಲ್ಲಿ ಯಾವತ್ತಾದರೂ ಮಾಪಕ ನೋಡದೆ ಅಂಕಿ ತುಂಬಿದ್ದೀರಾ?”

“ಇಲ್ಲ ಮೇಡಂ.”

ಕೆಂಪು.

“ಕ್ಲೋರಿನ್ ಮುಗಿದ ದಿನ ಅದನ್ನು ಮೇಲಿನವರಿಗೆ ತಿಳಿಸದೆ ನೀರು ಬಿಟ್ಟಿದ್ದೀರಾ?”

“ಅಯ್ಯೋ, ಇಲ್ಲ ಮೇಡಂ. ಮಕ್ಕಳು ಮರಿ ಕುಡಿಯೋ ನೀರು.”

ಮತ್ತೆ ಕೆಂಪು. ಅವಳು ಎಷ್ಟು ಮನಸ್ಸಿಟ್ಟು ನಿಜ ಹೇಳಿದರೆ ಅಷ್ಟು ಕೆಂಪು. ಹೊರಗೆ ಬಂದು ಊರಿನ ಬಸ್ ಹಿಡಿದಳು.

ಫಲಿತಾಂಶವನ್ನು ಮುಚ್ಚಿಡುವಂತಿರಲಿಲ್ಲ. ಪಾರದರ್ಶಕತೆಯ ಹೆಸರಲ್ಲಿ ಸಂಜೆಯೊಳಗೆ ಎಲ್ಲರ ಮೊಬೈಲಿಗೂ ಬರುತ್ತಿತ್ತು. ಅವಳು ಬಸ್ ಇಳಿಯುವ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಅಂಗಡಿಯ ಮುಂದೆ ಕೂತಿದ್ದ ಒಬ್ಬ, “ಏನವ್ವ ಭೂಮಿಕಾ, ನಲ್ಲಿ ನೀರು ಕುಡೀಬೌದಾ, ಇಲ್ಲಾ ಬೋರಿಂದೇ ತರಬೇಕಾ?” ಎಂದ. ತಮಾಷೆಗೇ ಅಂದದ್ದು. ಆದರೆ ಮರುದಿನ ನಾಲ್ಕಾರು ಮನೆಯವರು ನಿಜವಾಗಿಯೂ ಕೊಡ ಹಿಡಿದು ಬೋರ್‌ವೆಲ್ ಕಡೆಗೆ ಹೊರಟದ್ದನ್ನು ಅವಳು ಕಣ್ಣಾರೆ ಕಂಡಳು.

ಮನೆಯಲ್ಲಿ ಅದಕ್ಕಿಂತ ಕಷ್ಟ. ಗಂಡ ಚೇತನ ಒಳ್ಳೆಯವನು, ಸೋಲಾರ್ ಪಂಪು ರಿಪೇರಿ ಮಾಡುವವನು, ಹೆಂಡತಿಯ ಮೇಲೆ ಜೀವ. ಆದರೆ ಯಂತ್ರಗಳ ಜೊತೆ ಬದುಕುವವನಲ್ಲವೇ, ಮೀಟರು ತಪ್ಪು ಹೇಳುತ್ತದೆ ಎಂದರೆ ಅವನಿಗೆ ತಟ್ಟನೆ ಒಪ್ಪಿಗೆಯಾಗದು. ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದವಳ ಹತ್ತಿರ ಬಂದು ನಿಂತ.

“ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ. ಯಾವತ್ತಾದ್ರೂ ಒಂದ್ ಸಲ, ನಿದ್ದೆಗಣ್ಣಲ್ಲಿ, ನೋಡ್ದೆ ಏನಾರ ತುಂಬಿದ್ದೀಯಾ?”

“ಇಲ್ಲ.”

“ತುಂಬಿದ್ರೂ ಏನಿಲ್ಲ ಬುಡು. ನನ್ ಹತ್ರ ಆದ್ರೂ ಹೇಳು.”

“ಇಲ್ಲ ಅಂದ್ನಲ್ಲ.”

“ಹಂಗಾರೆ ಎರಡ್ ಸಲಾನೂ ಮಿಶಿನ್ನು ಅದೇ ಯಾಕೆ ಹೇಳ್ತು?”

“ಹಂಗಾರೆ ಮಿಶಿನ್ನನ್ನೇ ಕಟ್ಕಬೇಕಾಗಿತ್ತು ನೀನು,” ಎಂದು ಒದ್ದೆ ಸೀರೆಯನ್ನು ಅವನ ಕೈಗೆ ತುರುಕಿ ಒಳಗೆ ಹೋದಳು. ಹೋಗಿ ಅಡುಗೆಮನೆಯ ಮೂಲೆಯಲ್ಲಿ ಅತ್ತಳು. ಬಾಗಿಲ ಹಿಂದಿನ ಮೊಳೆಯಲ್ಲಿ ಯಾವಾಗಲೂ ತೂಗುತ್ತಿದ್ದ ಬೀರುವಿನ ಕೀ ಅವತ್ತಿನಿಂದ ಅತ್ತೆ ರೂಪಮ್ಮನ ಸೊಂಟಕ್ಕೆ ಬಂತು. ಬೈದಿದ್ದರೂ ಭೂಮಿಕಾಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಇತ್ತ ಮೈಸೂರಿನಲ್ಲಿ, ಒರೆಗಲ್ಲಿನ ನಿಯಂತ್ರಣ ಕೊಠಡಿಯಲ್ಲಿ, ಸಂಖ್ಯಾಶಾಸ್ತ್ರ ನೋಡಿಕೊಳ್ಳುವ ಅಶ್ಫಾಕ್ ಪರದೆಯ ಮುಂದೆ ಕೂತು ಗಡ್ಡ ಕೆರೆದುಕೊಳ್ಳುತ್ತಿದ್ದ. ಪ್ರೇರಣಾ ಬಂದದ್ದೇ ತೋರಿಸಿದ.

“ನೋಡಿ ಮೇಡಂ. ಕೆಂಪು ಬರೋವರಲ್ಲಿ ಹೆಚ್ಚಿನವರು ದೂರದ ತಾಲ್ಲೂಕಿನವರು. ಸಿಟಿಯವರಿಗೆ ಹಸಿರೋ ಹಸಿರು. ಅರಸ್ ಸಾಹೇಬರು ಏನಂತ ವರದಿ ಬರೀತಾ ಇದ್ದಾರೆ ಗೊತ್ತಾ? ಗ್ರಾಮೀಣ ಭಾಗದಲ್ಲಿ ಸತ್ಯನಿಷ್ಠೆ ಕಡಿಮೆ ಅಂತ.”

“ಎಂಥ ಮಾತು ಅದು!” ಎಂದಳು ಪ್ರೇರಣಾ.

“ಇನ್ನೂ ಇದೆ ಕೇಳಿ. ಏಕಾದಶಿ ಬಂದರೆ ಹಸಿರು ಜಾಸ್ತಿ. ಶ್ರಾವಣದ ಸೋಮವಾರ ಜಾಸ್ತಿ. ರಂಜಾನ್ ತಿಂಗಳು ಪೂರ್ತಿ ನಮ್ಮ ಹುಡುಗರು ಹುಡುಗಿಯರೆಲ್ಲ ಹಸಿರು, ಹಬ್ಬ ಮುಗಿದ ಮೇಲೆ ಮತ್ತೆ ಮೊದಲಿನ ಹಾಗೆ. ಭಕ್ತಿಯಿಂದ ಸತ್ಯ ಹೆಚ್ಚುತ್ತೆ ಅಂತ ಸಾಹೇಬರಿಗೆ ಬಹಳ ಸಂತೋಷ. ಸಂದರ್ಶನ ಎಲ್ಲ ಏಕಾದಶಿಗೇ ಇಡೋಣ ಅಂತಿದ್ದಾರೆ.”

ಪ್ರೇರಣಾ ನಗಲಿಲ್ಲ. ತಾನು ಕಟ್ಟಿದ ಯಂತ್ರದೊಳಗೆ ಎಲ್ಲೋ ಏನೋ ಕೆಟ್ಟಿದೆ ಎಂದು ಅವಳಿಗೆ ಅನ್ನಿಸತೊಡಗಿತ್ತು. ಕ್ಯಾಮೆರಾಗಳನ್ನು ಬಿಚ್ಚಿ ನೋಡಿದಳು, ಲೆಕ್ಕಾಚಾರವನ್ನು ಮೊದಲಿಂದ ಮಾಡಿ ನೋಡಿದಳು. ಎಲ್ಲವೂ ಸರಿಯಾಗಿತ್ತು. ಅದೇ ಭಯ ಹುಟ್ಟಿಸುವ ಸಂಗತಿ.

ದಾರಿ ತೋರಿಸಿದ್ದು ಅಶ್ಫಾಕನೇ. ಸಂದರ್ಶನದಲ್ಲಿ ಹೇಳಿದ ಮಾತು ನಿಜವೋ ಸುಳ್ಳೋ ಎಂದು ಹೊರಗಿನಿಂದ ಪರೀಕ್ಷಿಸುವುದು ಸಾಮಾನ್ಯವಾಗಿ ಆಗದ ಕೆಲಸ. ಆದರೆ ಒಬ್ಬಳ ಮಾತನ್ನು ಪರೀಕ್ಷಿಸಬಹುದಾಗಿತ್ತು. ಮಾದನಹುಂಡಿಯ ನೀರಿನ ಘಟಕದ ಮಾಪಕಗಳು ತಮ್ಮ ಅಂಕಿಗಳನ್ನು ತಾವೇ ಕೇಂದ್ರಕ್ಕೂ ಕಳಿಸುತ್ತಿದ್ದವು. ಭೂಮಿಕಾ ಇಷ್ಟು ವರ್ಷ ತುಂಬಿದ್ದನ್ನು ಅಶ್ಫಾಕ್ ಅದರೊಂದಿಗೆ ಹೋಲಿಸಿ ನೋಡಿದ. ಒಂದಕ್ಕೊಂದು ತಾಳೆಯಾಗುತ್ತಿತ್ತು. ಆಕೆ ಹೇಳಿದ ‘ಇಲ್ಲ’ ಶುದ್ಧ ನಿಜ. ಒರೆಗಲ್ಲು ಅದನ್ನೇ ಎರಡೂ ಸಲ ಸುಳ್ಳು ಎಂದಿತ್ತು.

ಯಂತ್ರ ಕಟ್ಟಿದವರು ಅಭ್ಯರ್ಥಿಯ ಮನೆಗೆ ಹೋಗುವಂತಿಲ್ಲ ಎಂದು ನಿಯಮವಿತ್ತು. ಪ್ರೇರಣಾ ಹೋದಳು. ಬೆಳಿಗ್ಗೆ ಎದ್ದವಳೇ, ತಲೆ ಬಾಚಿದ್ದೇ ಹೆಚ್ಚು ಎಂಬಂತೆ ಕಾರು ಹತ್ತಿದಳು. ದಾರಿ ತಪ್ಪಿ ಎರಡು ಊರು ಸುತ್ತಿ ಮಾದನಹುಂಡಿ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು, ಹೊಟ್ಟೆ ತಾಳ ಹಾಕುತ್ತಿತ್ತು.

ಬಾಗಿಲಲ್ಲಿ ರೂಪಮ್ಮ ಎದುರಾದಳು. ಸೊಸೆಗೆ ಕೆಂಪು ಕೊಟ್ಟ ಮಿಶಿನ್ನಿನ ಮೇಡಂ ಇವಳೇ ಎಂದು ತಿಳಿದು ಅವಳ ಮುಖ ಬಿಗಿಯಿತು. ಆದರೂ ಮನೆಗೆ ಬಂದವರು ಮನೆಗೆ ಬಂದವರೇ. ಚಾಪೆ ಹಾಸಿ, ನೀರು ಕೊಟ್ಟು ಕೇಳಿದಳು.

“ತಿಂಡಿ ಆಯ್ತಾ ಮೇಡಮ್ಮೋರೆ?”

“ಆಯ್ತಮ್ಮ,” ಎಂದಳು ಪ್ರೇರಣಾ.

ರೂಪಮ್ಮ ಸರಿ ಎಂದು ಒಳಗೆ ಹೋದಳು. ಒಲೆಯ ಮೇಲೆ ಕಾವಲಿ ಇಟ್ಟ ಸದ್ದು, ಅಕ್ಕಿಹಿಟ್ಟು ತಟ್ಟುವ ಸದ್ದು ಕೇಳಿತು.

“ಅಮ್ಮ, ನನಗೆ ಆಯ್ತು ಅಂದೆನಲ್ಲ,” ಎಂದು ಪ್ರೇರಣಾ ಕೂಗಿದಳು.

“ಮೊದ್ಲು ಎಲ್ರೂ ಹಂಗೇ ಅನ್ನದು,” ಎಂದಳು ರೂಪಮ್ಮ ಒಳಗಿನಿಂದ. “ಬಂದ್ ತಕ್ಷಣ ‘ಇಲ್ಲ, ಕೊಡಿ’ ಅಂತ ಯಾರಾರ ಅಂತಾರಾ? ಹುಚ್ಚೆಳ್ಳು ಚಟ್ನಿ ಅದೆ, ಎರಡ್ ರೊಟ್ಟಿ ತಿನ್ನಿ.”

ಪ್ರೇರಣಾಳ ಕೈಯಲ್ಲಿದ್ದ ನೀರಿನ ಲೋಟ ಅಲ್ಲೇ ನಿಂತಿತು. ಈಗಷ್ಟೇ ಅವಳು ಸುಳ್ಳು ಹೇಳಿದ್ದಳು. ಯೋಚಿಸಿ ಹೇಳಿದ್ದಲ್ಲ, ಬಾಯಿ ತಾನಾಗಿ ಹೇಳಿತು. ಕೇಳಿದಾಕೆಗೂ ಅದು ಸುಳ್ಳೆಂದು ಗೊತ್ತಿತ್ತು. ಗೊತ್ತಿದ್ದೂ ಇಬ್ಬರಿಗೂ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಅಭ್ಯರ್ಥಿಯಾಗಿ ತಾನೇ ಒರೆಗಲ್ಲಿನ ಮುಂದೆ ಕೂತಿದ್ದರೆ ಇವತ್ತು ತನ್ನ ಹೆಸರು ಹೇಳಿದರೂ ಕೆಂಪೇ ಬರುತ್ತಿತ್ತು ಎಂದು ಅವಳಿಗೆ ಹೊಳೆಯಿತು.

ಎದುರಿಗೆ ನಿಂತಿದ್ದ ಭೂಮಿಕಾಳನ್ನು ನೋಡಿ ಮೆಲ್ಲಗೆ ಕೇಳಿದಳು. “ಸಂದರ್ಶನದ ದಿನ ನೀವು ತಿಂಡಿ ತಿಂದು ಬಂದಿದ್ರಾ?”

“ಇಲ್ಲ ಮೇಡಂ. ತಿಂದ್ರೆ ಬಸ್ಸಲ್ಲಿ ವಾಂತಿ ಆಗ್ತದೆ.”

“ಮತ್ತೆ ಆಯ್ತು ಅಂದ್ರಿ?”

ಭೂಮಿಕಾಳಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ಮತ್ತೇನಂತ ಹೇಳದು ಮೇಡಂ? ಇಲ್ಲ ಅಂದ್ರೆ, ಪಾಪ, ಅದು ಎಲ್ಲಿಂದ ತಂದ್ಕೊಡ್ತದೆ?”

ಪ್ರೇರಣಾ ಎದ್ದು ಅವಳ ಎರಡೂ ಕೈ ಹಿಡಿದುಕೊಂಡಳು. ಯಂತ್ರಕ್ಕೂ ತೊಂದರೆ ಕೊಡಬಾರದೆಂದು ನೋಡಿಕೊಂಡವಳನ್ನು ಆ ಯಂತ್ರ ಸುಳ್ಳಿ ಎಂದಿತ್ತು. ಏಕಾದಶಿಯ ಗುಟ್ಟೂ ಬಯಲಾಗಿತ್ತು. ಉಪವಾಸದವರು ಮಾತ್ರ “ಇಲ್ಲ, ಇವತ್ತು ತಿನ್ನಲ್ಲ” ಎಂದು ಎದೆಯುಬ್ಬಿಸಿ ನಿಜ ಹೇಳುತ್ತಿದ್ದರು, ಹಸಿರಾಗುತ್ತಿದ್ದರು. ಸಿಟಿಯವರು ತಿಂದೇ ಬರುತ್ತಿದ್ದರು. ನಸುಕಿನ ಬಸ್ಸಿಗೆ ಬರಿಹೊಟ್ಟೆಯಲ್ಲಿ ಬಂದವರೆಲ್ಲ ಮರ್ಯಾದೆಯ ಒಂದು ಮಾತಿನಿಂದ ಕೆಂಪಾಗುತ್ತಿದ್ದರು. ಇಷ್ಟನ್ನೂ ಪ್ರೇರಣಾ ಅಲ್ಲೇ ಕೂತು, ರೊಟ್ಟಿ ತಿನ್ನುತ್ತ, ಮನೆಯವರಿಗೆಲ್ಲ ಬಿಡಿಸಿ ಹೇಳಿದಳು. ಭೂಮಿಕಾ ತುಂಬಿದ ಅಂಕಿಗಳೆಲ್ಲ ಸರಿಯಾಗಿದ್ದವು ಎಂಬುದನ್ನೂ ಹೇಳಿದಳು.

ಚೇತನ ತಲೆ ತಗ್ಗಿಸಿ ಕೂತಿದ್ದ. ರೂಪಮ್ಮ ಸೊಂಟದಿಂದ ಕೀ ತೆಗೆದು ಮೊಳೆಗೆ ಸಿಕ್ಕಿಸಿ ಬಂದಳು. “ನಾನೂ ದಿನಾ ಹತ್ ಜನಕ್ಕೆ ಕೇಳ್ತೀನಿ, ಹತ್ ಜನಾನೂ ಸುಳ್ ಹೇಳ್ತಾರೆ. ನಂಗೆ ಹೊಳೀನಿಲ್ವಲ್ಲ ಇದು,” ಎಂದು ತನ್ನಷ್ಟಕ್ಕೆ ಗೊಣಗಿದಳು.

ಸಮಿತಿಯನ್ನು ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ. ಅರಸರು ಸಿಡುಕಿದರು, ಆಮೇಲೆ ಯೋಚಿಸಿದರು, ಕೊನೆಗೆ ಬೆಳಗಿನ ಸಭೆಗೆ ಬಂದಾಗ ಯಾರೋ ತಿಂಡಿ ಕೇಳಿದ್ದಕ್ಕೆ ತಾವೂ ಬರಿಹೊಟ್ಟೆಯಲ್ಲೇ “ಆಯ್ತು” ಎಂದು ಹೇಳಿ ಕೂತದ್ದನ್ನು ಒಪ್ಪಿಕೊಂಡರು. ಅವರೇ ಒಂದು ಪರಿಹಾರವನ್ನೂ ಸೂಚಿಸಿದರು. ಬಂದವರಿಗೆಲ್ಲ ಕೇಂದ್ರದಲ್ಲೇ ಉಪ್ಪಿಟ್ಟು ಕೊಡೋಣ, ಆಮೇಲೆ ಉಪ್ಪಿಟ್ಟು ಹೇಗಿತ್ತು ಎಂದು ಕೇಳೋಣ.

ಅಶ್ಫಾಕ್ ಮೇಜಿನ ಮೇಲೆ ತಲೆಯಿಟ್ಟು ನಕ್ಕ. “ಸಾರ್, ಉಪ್ಪಿಲ್ಲದಿದ್ದರೂ ಚೆನ್ನಾಗಿತ್ತು ಅಂತಾರೆ. ಇಡೀ ಜಿಲ್ಲೆಯೇ ಕೆಂಪಾಗುತ್ತೆ.”

ಉಪ್ಪಿಟ್ಟು ಕೊಡುವುದು ಎಂದಾಯಿತು, ಪ್ರಶ್ನೆ ಮಾತ್ರ ಬೇರೆಯಾಯಿತು. ಮರ್ಯಾದೆಗೂ ಅದಕ್ಕೂ ಸಂಬಂಧವಿರಬಾರದು. ಬಹಳ ತಲೆ ಕೆಡಿಸಿಕೊಂಡ ಮೇಲೆ ಪ್ರೇರಣಾ ಬರೆದದ್ದು ಇದು: “ಚಪ್ಪಲಿ ಎಲ್ಲಿ ಬಿಟ್ಟು ಬಂದಿರಿ?” ಅವತ್ತಿನದೇ ನೆನಪು, ಅದನ್ನು ಹೇಳುವುದರಲ್ಲಿ ಯಾರಿಗೂ ಯಾವ ದಾಕ್ಷಿಣ್ಯವೂ ಇಲ್ಲ.

ಆದರೆ ಸಮಿತಿ ಒಂದು ಷರತ್ತು ಹಾಕಿತು. ಹಳೆಯ ಕೆಂಪುಗಳನ್ನೆಲ್ಲ ರದ್ದು ಮಾಡಬೇಕಾದರೆ ಹೊಸ ಪ್ರಶ್ನೆಯಿಂದ ಫಲ ಸಿಗುತ್ತದೆ ಎಂದು ಮೊದಲು ತೋರಿಸಬೇಕು, ಅದೂ ನಿಜ ಹೇಳಿದ್ದಾಳೆಂದು ಖಚಿತವಾಗಿ ಗೊತ್ತಿರುವ ಅಭ್ಯರ್ಥಿಯಿಂದಲೇ. ಅಂಥವಳು ಒಬ್ಬಳೇ ಇದ್ದಳು. ಅವಳಿಗೆ ಅದು ಮೂರನೆಯ ಸಲ.

ಪ್ರೇರಣಾ ಫೋನು ಮಾಡಿ ಎಲ್ಲವನ್ನೂ ಮುಚ್ಚಿಡದೆ ಹೇಳಿದಳು. “ನನ್ನ ಲೆಕ್ಕ ಸರಿ ಅಂತ ನನಗೆ ನಂಬಿಕೆ ಉಂಟು. ಆದರೆ ತಪ್ಪಿದರೆ ನಿಯಮ ನಿಮ್ಮನ್ನು ಬಿಡುವುದಿಲ್ಲ. ಬೇಡ ಅಂದರೆ ನಾನು ಬೇಜಾರು ಮಾಡುವುದಿಲ್ಲ.”

“ನಾನ್ ಬರ್ದೆ ಇದ್ರೆ, ಬೇರೆ ಕೆಂಪಾದೋರೆಲ್ಲ ಹಂಗೇ ಉಳ್ಕತಾರಲ್ವಾ ಮೇಡಂ? ಬತ್ತೀನಿ ಬುಡಿ,” ಎಂದಳು ಭೂಮಿಕಾ.

ಅವತ್ತು ಚೇತನ ಪಂಪಿನ ಕೆಲಸ ಬಿಟ್ಟು ಅವಳ ಜೊತೆ ಬಸ್ ಹತ್ತಿದ. ನಂಜನಗೂಡು ದಾಟಿದ ಮೇಲೆ ಕಿಟಕಿಯಾಚೆ ನೋಡುತ್ತ ಹೇಳಿದ.

“ಇವತ್ ಅದು ಏನಾರ ತೋರಿಸ್ಲಿ. ಅವತ್ ಹಿತ್ತಿಲಲ್ಲಿ ನಾನ್ ಕೇಳಿದ್ ತಪ್ಪು ಕಣೇ. ನೀನ್ ಒಂದ್ ಸಲ ಇಲ್ಲ ಅಂದ್ ಮೇಲೆ ಮುಗೀತು.”

ಭೂಮಿಕಾ ಅವನ ಕಡೆ ತಿರುಗಲಿಲ್ಲ. ಆದರೆ ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದದ್ದು ಅರ್ಧ ಇಳಿದಂತಾಯಿತು. ಉಳಿದರ್ಧ ಒರೆಗಲ್ಲಿನ ಕೈಯಲ್ಲಿತ್ತು.

ನಿಯಂತ್ರಣ ಕೊಠಡಿಯಲ್ಲಿ ಪ್ರೇರಣಾ, ಅಶ್ಫಾಕ್, ಅರಸರು ಮೂವರೂ ಪರದೆಗೆ ಕಣ್ಣು ಹಚ್ಚಿ ನಿಂತಿದ್ದರು. ಒಳಗೆ ಭೂಮಿಕಾ ಬಂದು ಕೂತಳು.

“ನಮಸ್ಕಾರ. ಚಪ್ಪಲಿ ಎಲ್ಲಿ ಬಿಟ್ಟು ಬಂದಿರಿ?”

“ಬಾಗಿಲಾಚೆ, ಬಲಗಡೆ, ಕುಂಡದ ಹತ್ರ. ನಮ್ಮನೆಯವ್ರು ಕಾಯ್ತಾ ಅವ್ರೆ.”

“ಘಟಕದಲ್ಲಿ ಯಾವತ್ತಾದರೂ ಮಾಪಕ ನೋಡದೆ ಅಂಕಿ ತುಂಬಿದ್ದೀರಾ?”

“ಇಲ್ಲ.”

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಹಸಿರು ಹೊತ್ತಿತು. ಅಶ್ಫಾಕ್ ಕುರ್ಚಿಯ ಮೇಲೆ ಕುಸಿದು ಕೂತ. ಪ್ರೇರಣಾ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು, ಯಾರು ನೋಡಿದರೂ ಪರವಾಗಿಲ್ಲ ಎಂಬಂತೆ. ಪ್ರಶ್ನೆಯ ಮೇಲೆ ಪ್ರಶ್ನೆ ಬಂತು, ಹಸಿರಿನ ಮೇಲೆ ಹಸಿರು. ಅರಸರು ತಮ್ಮ ವರದಿಯನ್ನು ವಾಪಸ್ ತೆಗೆದುಕೊಳ್ಳುವುದಾಗಿಯೂ ಹಳೆಯ ಕೆಂಪುಗಳೆಲ್ಲ ಇವತ್ತೇ ರದ್ದೆಂದೂ ಅಲ್ಲೇ ಹೇಳಿಬಿಟ್ಟರು.

ಒರೆಗಲ್ಲಿಗೆ ಇನ್ನೊಂದು ಪ್ರಶ್ನೆ ಉಳಿದಿತ್ತು. ನಿಯಮದಂತೆ ಸಂದರ್ಶನ ಮುಗಿಸುವಾಗ ಎಲ್ಲರನ್ನೂ ಕೇಳುವಂಥದು, ಕೆಲಸಕ್ಕೂ ಅದಕ್ಕೂ ಸಂಬಂಧವಿಲ್ಲ. ಎಲ್ಲರೂ ಹೌದು ಎಂದು ಹೇಳಿ ಎದ್ದುಹೋಗುತ್ತಿದ್ದರು. ಆಗ ಯಾವ ದೀಪ ಹೊತ್ತುತ್ತದೆ ಎಂದು ಯಾರೂ ತಿರುಗಿ ನೋಡಿದ್ದೇ ಇಲ್ಲ.

“ಒರೆಗಲ್ಲಿನಿಂದ ನಿಮಗೆ ನ್ಯಾಯ ಸಿಕ್ಕಿತೆಂದು ಅನ್ನಿಸುತ್ತದೆಯೇ?”

ಭೂಮಿಕಾ ಏಳಲು ಹೊರಟವಳು ಮತ್ತೆ ಕೂತಳು. ಸೆರಗು ಸರಿಮಾಡಿಕೊಂಡು, ಕ್ಯಾಮೆರಾ ಇರುವ ಕಡೆಗೆ ನೇರವಾಗಿ ನೋಡಿದಳು.

“ಇಲ್ಲ ಮೇಡಂ. ಇವತ್ತು ಕೆಲಸ ಸಿಕ್ತು. ನಿಜ ಹೇಳಿ ಸುಳ್ಳಿ ಅನ್ನಿಸ್ಕೊಂಡು ಕಳೆದ ದಿನಾನ ಯಾರು ವಾಪಸ್ ಕೊಡ್ತಾರೆ?”

ಹಸಿರು ದೀಪ ಹೊತ್ತಿತು. ಭೂಮಿಕಾ ದೀಪವನ್ನು ನೋಡಿ ಹಗುರವಾಗಿ ನಕ್ಕು, ಎದ್ದು ಹೊರಗೆ ಬಂದಳು.